ಒಂಬತ್ತು ಸಹಿಗಳ ಖೋ-ಖೋ

ಮಂದಿಯ ಮಕ್ಕಳನ್ನು ಶಾಲೆಯ ಗೇಟು ದಾಟಿಸಿ ಕರೆದೊಯ್ಯುವ ಕೆಲಸ ಮಾಡಿ ನೋಡಿ, ಏನಾದರೊಂದು ಆಗಿಯೇ ಆಗುತ್ತದೆ. ಮಕ್ಕಳಿಂದ ಅಲ್ಲ. ಮಕ್ಕಳು ಪಾಪ, ತಲೆಗೆ ಎಣ್ಣೆ ಹಚ್ಚಿಕೊಂಡು, ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಬೆಳಗಿನ ಆರಕ್ಕೇ ಬಂದು ನಿಂತಿರುತ್ತವೆ. ಆಗುವುದೆಲ್ಲ ದೊಡ್ಡವರಿಂದ, ಅವರು ಹಾಕಬೇಕಾದ ಒಂದು ಸಹಿಯಿಂದ.

ನಾನು ಧಾರವಾಡದವಳು. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದೆ. ನಮ್ಮವರಿಗೆ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ. ಕನ್ನಡ, ಹೊಲಿಗೆ, ಡ್ರಿಲ್ಲು ಮೂರೂ ನನ್ನ ಕೊರಳಿಗೇ ಬಿದ್ದಿದ್ದವು. ಡ್ರಿಲ್ಲಿನ ಜೊತೆ ಪಿಕ್ನಿಕ್ಕು, ಸ್ಪರ್ಧೆ, ಸೂಜಿಮದ್ದು, ಎಲ್ಲದಕ್ಕೂ ತಂದೆತಾಯಿಯ ಒಪ್ಪಿಗೆ ತರುವ ಕೆಲಸವೂ ಬಂತು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಒಂದು ಹೆಚ್ಚಾಯಿತು

ಮೊದಮೊದಲು ಚೀಟಿಯ ಕಾಟವೇ ಇರಲಿಲ್ಲ. "ನಾಳೆ ಅಂಬರನಾಥದ ಗುಡಿಗೆ ಹೋಗೋಣ, ಮನೆಯಲ್ಲಿ ಹೇಳಿ ಬನ್ನಿ" ಎಂದರೆ ಮುಗಿಯಿತು. ಹಾಗೆ ಹೇಳಿಯೇ ಒಂದು ಶನಿವಾರ ನಾಲ್ಕನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಹೊರಡಿಸಿದೆ. ಗೇಟಿನಲ್ಲಿ ಎಣಿಸಿದೆ, ನಲವತ್ತೆರಡು. ಅಂಬರನಾಥ ಸ್ಟೇಷನ್ನಿನಲ್ಲಿ ಇಳಿದು ಎಣಿಸಿದೆ, ನಲವತ್ತಮೂರು. ಕಡಿಮೆ ಇದ್ದರೆ ಎದೆ ಒಡೆಯುತ್ತಿತ್ತು. ಹೆಚ್ಚಿದ್ದರಿಂದ ಲೆಕ್ಕ ತಪ್ಪಿರಬೇಕು ಎಂದುಕೊಂಡು ಗುಡಿಗೆ ನಡೆದೆ.

ಊಟಕ್ಕೆ ಕೂತಾಗ ಗೊತ್ತಾಯಿತು. ಒಬ್ಬ ಹುಡುಗಿ ತನ್ನ ನಾಲ್ಕು ವರ್ಷದ ತಂಗಿಯನ್ನು ಕರೆದುಕೊಂಡು ಬಂದಿದ್ದಳು. ತಾಯಿ ಕೆಲಸಕ್ಕೆ ಹೋದಾಗ ತಂಗಿಯನ್ನು ನೋಡಿಕೊಳ್ಳುವುದು ಅವಳ ಪಾಳಿ. ಪಿಕ್ನಿಕ್ಕನ್ನೂ ಬಿಡಲಾರದೆ, ತಂಗಿಯನ್ನೂ ಬಿಡಲಾರದೆ, ರೈಲಿನಲ್ಲಿ ಸೀಟಿನ ಕೆಳಗೆ ಕೂರಿಸಿ ತಂದಿದ್ದಳು. ಪಾಪ ಎನಿಸಿ ಇಬ್ಬರಿಗೂ ನನ್ನ ಡಬ್ಬಿಯ ಚಪಾತಿ ಕೊಟ್ಟೆ.

ಸಂಜೆ ವಾಪಸ್ಸು ಬಂದರೆ ಶಾಲೆಯ ಗೇಟಿನಲ್ಲಿ ಆ ಹುಡುಗಿಯ ವಠಾರ, ಇಡೀ ಚಾಳೇ ನೆರೆದಿದೆ. ಮಗು ಕಾಣೆಯಾಗಿದೆ ಎಂದು ಬಾವಿಗೆ ಹಗ್ಗ ಇಳಿಸಿ ನೋಡಿದ್ದಾರೆ, ಪೊಲೀಸರಿಗೂ ಹೇಳಿದ್ದಾರೆ. ಮಗುವೋ ನನ್ನ ಕಂಕುಳಲ್ಲಿ ನಿದ್ದೆ ಹೊಡೆಯುತ್ತಿತ್ತು. ನಮ್ಮ ಹೆಡ್‌ಮಾಸ್ತರರು ಉಡುಪಿ ಕಡೆಯವರು, ಕೋಪ ಬಂದರೂ ದನಿ ಏರಿಸದ ಮನುಷ್ಯ. ನನ್ನನ್ನು ಒಳಗೆ ಕರೆದು ಹೇಳಿದರು, "ಏನು ಮಾರಾಯ್ರೇ ಟೀಚರ್, ಮಗು ಕಡಿಮೆಯಾದರೆ ಮೇಲಿನವರಿಗೆ ಏನಾದರೂ ವರದಿ ಬರೆಯಬಹುದಿತ್ತು. ಹೆಚ್ಚಾದರೆ ಏನಂತ ಬರೆಯುವುದು?"

ಕಾಗದ ಹಿಡಿದ ಅಕ್ಕೋರು

ಅಂದಿನಿಂದ ನಿಯಮ ಬಂತು. ಪಾಲಕರ ಸಹಿ ಇಲ್ಲದೆ ಒಂದು ಮಗುವೂ ಗೇಟು ದಾಟಬಾರದು. ಒಪ್ಪಿಗೆ ಪತ್ರ ಬರೆಯುವ ಕೆಲಸ ನನಗೇ ಬಂತು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಎಂಬಂತೆ, ಒಂದು ಭಾನುವಾರ ಪೂರ್ತಿ ಕೂತು ಬರೆದೆ.

"ನನ್ನ ಮಗ/ಮಗಳನ್ನು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಕಳಿಸುತ್ತಿದ್ದೇನೆ. ರೈಲಿನಿಂದ ಬೀಳುವುದು, ನೀರಿನಲ್ಲಿ ಮುಳುಗುವುದು, ಎಲುಬು ಮುರಿಯುವುದು, ನಾಯಿ ಕಚ್ಚುವುದು, ಹಾವು ಕಚ್ಚುವುದು, ಉಸಿರು ಕಟ್ಟುವುದು ಮುಂತಾದ ಯಾವುದೇ ಅನಾಹುತಕ್ಕೆ ಶಾಲೆ ಹೊಣೆಯಲ್ಲ. ಅಗತ್ಯ ಬಿದ್ದರೆ ಹಾಜರಿರುವ ಡಾಕ್ಟರರು ಇಂಜೆಕ್ಷನ್ ಕೊಡಲು, ಹೊಲಿಗೆ ಹಾಕಲು ನನ್ನ ಪೂರ್ಣ ಒಪ್ಪಿಗೆಯಿದೆ." ಕೆಳಗೆ ಹಿಂದಿನ ಕಾಯಿಲೆ, ಪಾಲಕರ ವಿದ್ಯಾಭ್ಯಾಸ, ಸಂಬಂಧ, ಸಹಿ. ಹೆಡ್‌ಮಾಸ್ತರರು ಎರಡು ಸಲ ಓದಿ, "ಭೂಕಂಪ ಒಂದನ್ನು ಬಿಟ್ಟಿದ್ದೀರಿ" ಎಂದು ಸೈಕ್ಲೋಸ್ಟೈಲ್ ಮಾಡಲು ಕಳಿಸಿದರು.

ಪತ್ರ ತಯಾರಾದದ್ದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಕುಟುಂಬ ಯೋಜನೆಯ ಆಪರೇಷನ್ನಿಗೆ ಜನರನ್ನು ಒಪ್ಪಿಸಲು ಮಾಸ್ತರರನ್ನು ಮನೆಮನೆಗೆ ಕಳಿಸುತ್ತಿದ್ದ ಕಾಲ. ಕೈಯಲ್ಲಿ ಕಾಗದ ಹಿಡಿದ ಮಾಸ್ತರರು ಓಣಿಗೆ ಕಾಲಿಟ್ಟರೆ ಗಂಡಸರೆಲ್ಲ ಹಿಂದಿನ ಬಾಗಿಲಿಂದ ಮಾಯ. ಅದು ಗೊತ್ತಿದ್ದೂ ನಾನು ಪಿಕ್ನಿಕ್ಕಿನ ಚೀಟಿಗಳ ಕಟ್ಟು ಹಿಡಿದು, ವಿಜಯಪುರದ ಕಡೆಯ ಕೂಲಿಗಳಿದ್ದ ಚಾಳಿಗೆ ಹೋದೆ. ನನ್ನನ್ನು ಕಂಡದ್ದೇ ತಡ, ಹೊರಗೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದವನೊಬ್ಬ ಅರ್ಧ ಮುಖದ ನೊರೆಯೊಂದಿಗೇ ಗೋಡೆ ಹತ್ತಿದ.

"ನಿಲ್ರೀ, ಬರೇ ಒಂದು ಸಹಿ!" ಎಂದು ಕೂಗಿದೆ.

"ನನಗ ಎರಡ ಮಕ್ಕಳ್ರೀ ಅಕ್ಕೋರೆ, ಎರಡ!" ಎಂದು ಕೂಗುತ್ತ ಆಚೆ ಜಿಗಿದ.

ಅವನ ಹೆಂಡತಿ ಮಾತ್ರ ಧೈರ್ಯವಂತೆ. ಬಾಗಿಲಿಗೆ ಬಂದು ಚೀಟಿ ಇಸಿದುಕೊಂಡಳು. ಇದು ಪಿಕ್ನಿಕ್ಕಿನದು, ನಿಮ್ಮ ಯಜಮಾನರಿಗೂ ಇದಕ್ಕೂ ಸಂಬಂಧವಿಲ್ಲ, ಹುಡುಗ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ ಎಂದು ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಅಕ್ಕೋರೆ, ನನ್ನಾಣಿ ಮಾಡಿ ಹೇಳ್ರಿ. ಹುಡುಗ ಹೆಂಗ ಹೋಗಿರ್ತಾನ ಹಂಗ ವಾಪಸ್ ಬರ್ತಾನ?"

ಬೇಕಾದದ್ದು ಒಂಬತ್ತು

ಇಷ್ಟೆಲ್ಲ ಹೇಳಿದ್ದು ಮುಂದಿನದಕ್ಕೆ ಪೀಠಿಕೆ. ನಾಲ್ಕೈದು ವರ್ಷ ಕಳೆಯಿತು. ನಮ್ಮ ಹುಡುಗಿಯರ ಖೋ-ಖೋ ತಂಡ ಕಲ್ಯಾಣದಲ್ಲಿ ನಡೆದ ಪಂದ್ಯಗಳಲ್ಲಿ ಗೆದ್ದು, ಠಾಣೆ ಪಟ್ಟಣದ ಜಿಲ್ಲಾ ಸ್ಪರ್ಧೆಗೆ ಆಯ್ಕೆಯಾಯಿತು. ಮೂರು ದಿನದ ಸ್ಪರ್ಧೆ, ಅಲ್ಲೇ ಒಂದು ಶಾಲೆಯಲ್ಲಿ ವಾಸ್ತವ್ಯ. ಹಿಂದೆ ಎರಡು ವರ್ಷವೂ ಹೀಗೇ ಆಯ್ಕೆಯಾಗಿ, ಸಹಿ ಸಿಗದೆ ಮನೆಯಲ್ಲೇ ಉಳಿದಿದ್ದೆವು. ಹುಡುಗಿಯರನ್ನು ಮೂರು ದಿನ ಹೊರಗೆ ಕಳಿಸಲು ಯಾರು ಒಪ್ಪುತ್ತಾರೆ?

ಖೋ-ಖೋಗೆ ಒಂಬತ್ತು ಜನ ಬೇಕು. ನಮ್ಮಲ್ಲಿದ್ದದ್ದು ಸರಿಯಾಗಿ ಒಂಬತ್ತು. ಬದಲಿಗೆ ಒಬ್ಬಳೂ ಇಲ್ಲ. "ಶುಕ್ರವಾರ ಬೆಳಿಗ್ಗೆ ರೈಲು ಹತ್ತುವ ಮೊದಲು ಒಂಬತ್ತು ಸಹಿ ಆಗಿರಬೇಕು. ಎಂಟಿದ್ದರೆ ತಂಡ ಇಲ್ಲ" ಎಂದು ಹೆಡ್‌ಮಾಸ್ತರರು ಖಡಾಖಂಡಿತವಾಗಿ ಹೇಳಿದರು. ಅದು ಸೋಮವಾರ.

ಒಂಬತ್ತರಲ್ಲಿ ಐವರು ಕೂಲಿ ಮಂದಿಯ ಮಕ್ಕಳು, ಕ್ಯಾಪ್ಟನ್ ಕೂಡ ಅವರಲ್ಲೇ ಒಬ್ಬಳು. ಕಲಬುರಗಿ ಕಡೆಯ ಆ ಹುಡುಗಿ ಹತ್ತನೆಯ ತರಗತಿ, ಮಾರ್ಚ್ ಕಳೆದರೆ ಶಾಲೆ ಮುಗಿಯಿತು. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಸಲವಿಲ್ಲ. ಇಬ್ಬರು ಅಕ್ಕತಂಗಿಯರು ಹೋಟೆಲಿನವರ ಮಕ್ಕಳು. ಒಬ್ಬಳು ಬ್ಯಾಂಕಿನ ಗುಮಾಸ್ತರ ಮಗಳು. ಒಂಬತ್ತನೆಯವಳು ನನ್ನ ಮಗಳೇ. ಅವಳ ಚೀಟಿಯನ್ನು ನನ್ನ ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ. ಮನೆಯದೇ ತಾನೇ, ಯಾವಾಗ ಬೇಕಾದರೂ ಆಗುತ್ತದೆ ಎಂದುಕೊಂಡೆ.

ಐವರಿಗೂ ಒಬ್ಬರೇ

ಮಂಗಳವಾರ ಬೆಳಿಗ್ಗೆಯೇ ಐದು ಚೀಟಿ ಬಂದುಬಿಟ್ಟವು. ನಾನು ಕುಣಿಯುವುದೊಂದು ಬಾಕಿ. ಹೆಡ್‌ಮಾಸ್ತರರು ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರು. ಐದಕ್ಕೂ ಒಂದೇ ಸಹಿ, ಸಂಬಂಧ ಎಂಬಲ್ಲಿ ಐದರಲ್ಲೂ "ತಂದೆ". ಹಿಂದಿನ ಕಾಯಿಲೆ ಎಂಬಲ್ಲಿ ಐದರಲ್ಲೂ ಒಂದೇ ಉತ್ತರ: "ಏನೂ ಇಲ್ಲ. ಎರಡು ಕೊಡ ನೀರು ಹೊತ್ತು ದಿಬ್ಬ ಹತ್ತುತ್ತಾಳೆ."

"ಪಾಂಡವರು ಐವರಿಗೆ ಬೇರೆಬೇರೆ ತಂದೆ ಎಂದು ಓದಿದ್ದೆ. ಇದು ಉಲ್ಟಾ ಆಯಿತಲ್ಲ ಟೀಚರ್?" ಎಂದರು.

ಸಹಿ ಹಾಕಿದ್ದು ಆ ಕೂಲಿಗಳ ಮುಕಾದಮ. ಊರಿಂದ ಜನರನ್ನು ಕರೆತಂದು ಕೆಲಸಕ್ಕೆ ಹಚ್ಚುವವ, ವಿಜಯಪುರದ ಕಡೆಯವನು, ಮೂವತ್ತರ ಒಳಗಿನ ವಯಸ್ಸು, ಆದರೆ ಮೀಸೆ ಐವತ್ತರದು. ಕರೆಸಿದೊಡನೆ ಬಂದ.

"ಸರ, ಈ ಮಂದಿ ರೇಷನ್ ಕಾರ್ಡಿಗೆ ಸಹಿ ನಂದು. ದವಾಖಾನಿಗೆ ಸಹಿ ನಂದು. ಮಕ್ಕಳ್ನ ನಿಮ್ಮ ಸಾಲಿಗೆ ಹಾಕೂ ಮುಂದನೂ ಸಹಿ ನಂದ. ಅವಾಗ ಸುಮ್ಮನ ತಗೊಂಡ್ರಿ, ಈಗ ಯಾಕ ತಕರಾರು?"

ಹೆಡ್‌ಮಾಸ್ತರರು ದಾಖಲಾತಿ ರಿಜಿಸ್ಟರು ತೆಗೆದು ಪುಟ ತಿರುವಿದರು. ತಿರುವಿದಷ್ಟೂ ಅವರ ಮುಖ ಇಳಿಯಿತು. ನಮ್ಮ ಶಾಲೆಯ ದಾಖಲೆಯ ಪ್ರಕಾರ ಆ ಮನುಷ್ಯ ಹದಿನೇಳು ಮಕ್ಕಳ ತಂದೆ. ಅವನು ಮೋಸ ಮಾಡಿರಲಿಲ್ಲ. ಕಾಗದ ಎಂದರೆ ಮುಕಾದಮ, ಸಹಿ ಎಂದರೆ ಮುಕಾದಮ ಎಂಬುದು ಅವರ ಪದ್ಧತಿಯೇ ಆಗಿತ್ತು.

ಓದುಬರಹ ಬಾರದ ಪಾಲಕರ ಹೆಬ್ಬಟ್ಟಿಗೆಂದು ಹೆಡ್‌ಮಾಸ್ತರರು ಅವತ್ತೇ ಒಂದು ಶಾಯಿ ಪ್ಯಾಡು ತರಿಸಿದರು. ಅದನ್ನು ಚೀಲದಲ್ಲಿಟ್ಟುಕೊಂಡು ಮುಕಾದಮನ ಜೊತೆ ನಾನು ಕೂಲಿಗಳ ಗುಡಿಸಲುಗಳಿಗೆ ಹೋದೆ. ಒಂದೊಂದು ಮನೆಯಲ್ಲೂ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಹಾವು ಕಚ್ಚುವ ಸಾಲಿಗೆ ಬಂದಾಗ ಎಲ್ಲರೂ ನಕ್ಕರು. "ಹಾವು ಇಲ್ಲೂ ಅದಾವ್ರೀ, ಅದಕ್ಕ ಠಾಣೆಕ ಯಾಕ ಹೋಗಬೇಕು" ಎಂದು ಒತ್ತಿದರು. ನಾಲ್ಕು ಹೆಬ್ಬಟ್ಟಾದವು. ಐದನೆಯ ಮನೆ, ಅಂದರೆ ಕ್ಯಾಪ್ಟನ್ನಳ ಮನೆ, ಉಳಿಯಿತು. ಅವಳ ಅಪ್ಪ ಅಮ್ಮ ನವಿ ಮುಂಬಯಿಯ ಬೇಲಾಪುರದಲ್ಲಿ ಹೊಸ ಕಟ್ಟಡಗಳ ಕೆಲಸಕ್ಕೆ ಹೋಗಿದ್ದರು. ಇಲ್ಲಿ ಅಜ್ಜಿಯದೇ ಕಾರಭಾರು. ಅಜ್ಜಿ ಹೆಬ್ಬಟ್ಟನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು, "ವಿಚಾರ ಮಾಡಿ ಹೇಳ್ತೀನಿ" ಎಂದಳು.

ವಾಪಸ್ಸು ಬರುವಾಗ ಮುಕಾದಮ ದಾರಿಯುದ್ದಕ್ಕೂ ಮೀಸೆ ಸವರಿಕೊಳ್ಳುತ್ತ ಬಂದ. ಕೊನೆಗೆ ನಾಚಿಕೊಂಡು ಹೇಳಿದ: "ಅಕ್ಕೋರೆ, ಆ ರಿಜಿಸ್ಟರ್ ಒಂದೀಟು ತಿದ್ದಿಸ್ರಿ. ನನ್ನ ಮದುವಿ ಮಾತುಕತಿ ನಡದದ. ಹೆಣ್ಣಿನ ಕಡೆಯವ್ರು ಹದಿನೇಳು ಅಂತ ನೋಡಿದ್ರ ಕೊಡಂಗಿಲ್ಲ."

ನಾನು ತಂದೆ ಮಾತ್ರ

ಬುಧವಾರ ಹೋಟೆಲಿಗೆ ಹೋದೆ. ಇದು ಸುಲಭದ್ದು ಎಂದು ನನ್ನ ಎಣಿಕೆ. ತಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. "ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದು ಕಾಫಿ, ಬನ್ಸ್ ತರಿಸಿದರು. ಚೀಟಿಯನ್ನು ಕಂಡೊಡನೆ ಕೈ ಹಿಂದೆ ಎಳೆದುಕೊಂಡರು.

"ಸಹಿಯಾ? ಅದು ನನ್ನಿಂದ ಆಗುದಿಲ್ಲ ಟೀಚರ್. ನಾನು ತಂದೆ ಮಾತ್ರ ಅಲ್ವಾ?"

"ತಂದೆಯ ಸಹಿಯೇ ಬೇಕಾದದ್ದು" ಎಂದೆ.

"ಹಾಗಲ್ಲ. ನಮ್ಮಲ್ಲಿ ಮಕ್ಕಳು ತಾಯಿಮನೆಗೆ ಸೇರಿದವರು. ಏನಿದ್ರೂ ಅವರ ಸೋದರಮಾವ ಹೇಳ್ಬೇಕು. ಅವರು ಊರಲ್ಲಿದ್ದಾರೆ, ಕಾರ್ಕಳದ ಹತ್ರ. ನಾನು ಹಾಕಿದ್ರೆ ನಾಳೆ ಅವರು ಕೇಳುದಿಲ್ವಾ, ನೀನ್ಯಾರು ಅಂತ?"

ಕಾಗದ ಹಾಕಿದರೆ ಉತ್ತರ ಬರಲು ವಾರ ಬೇಕು. ಟ್ರಂಕ್ ಕಾಲ್ ಬುಕ್ ಮಾಡಿದರು. ಮಾವನ ಮನೆಯಲ್ಲಿ ಫೋನಿಲ್ಲ, ಪೇಟೆಯ ಅಂಗಡಿಯಲ್ಲಿದೆ. ಅಂಗಡಿಯವರು ಮಾವನನ್ನು ಕರೆಸಿ ಕೂರಿಸಬೇಕು. ನಾನು ಎರಡು ಕಾಫಿ, ನಾಲ್ಕು ಬನ್ಸ್ ಮುಗಿಸಿದ ಮೇಲೆ ಲೈನು ಸಿಕ್ಕಿತು. ಮಾತಿಗೆ ಮೂರೇ ನಿಮಿಷ.

ತಂದೆ ಎದ್ದು ನಿಂತು ತುಳುವಿನಲ್ಲಿ ಕೂಗತೊಡಗಿದರು. ಇಡೀ ಹೋಟೆಲು ದೋಸೆ ಬಿಟ್ಟು ಕೇಳುತ್ತಿತ್ತು. ಮೊದಲ ನಿಮಿಷ ಊರಿನ ಮಳೆ, ದನದ ಕರು, ಕಳಿಸಿದ ಹಪ್ಪಳದ ಕಟ್ಟು ಸಿಕ್ಕಿತೇ ಎಂಬುದಕ್ಕೆ ಹೋಯಿತು. ಎರಡನೆಯ ನಿಮಿಷ, ಖೋ-ಖೋ ಎಂದರೇನು ಎಂಬುದಕ್ಕೆ. ತಂದೆ ನನ್ನ ಕಡೆ ತಿರುಗಿ ಕೇಳಿದರು, ನಾನು ಹೇಳಿದೆ: "ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಓಡಿ ಹಿಡಿಯುತ್ತಾಳೆ. ಬೆನ್ನಿಗೆ ಕೈ ತಾಗಿಸಿ ಖೋ ಎನ್ನುವ ತನಕ ಕೂತವಳು ಏಳುವಂತಿಲ್ಲ." ಅದನ್ನು ತಂದೆ ಅತ್ತ ಕೂಗಿದರು. ಹೆಣ್ಣುಮಕ್ಕಳು ಹೆಚ್ಚಿನ ಹೊತ್ತು ಕೂತೇ ಇರುತ್ತಾರೆ ಎಂದು ಕೇಳಿ ಮಾವನಿಗೆ ಸ್ವಲ್ಪ ಸಮಾಧಾನವಾದಂತಿತ್ತು. ಮೂರನೆಯ ನಿಮಿಷ ಮುಗಿಯುತ್ತ ಬಂದಾಗ ಮಾವ ಒಂದು ಪ್ರಶ್ನೆ ಕೇಳಿದರು, ಲೈನು ಕಟ್ಟಾಯಿತು. ತಂದೆ ಫೋನು ಹಿಡಿದುಕೊಂಡೇ ನಿಂತರು.

"ಏನಂದರು?" ಎಂದೆ.

"ಮಕ್ಕಳ ತಾಯಿ ಏನು ಹೇಳ್ತಾಳೆ, ಅಂತ ಕೇಳಿದ್ರು."

ಆ ತಾಯಿ ಒಳಗೆ ಅಡುಗೆಮನೆಯಲ್ಲೇ ಚಟ್ನಿ ರುಬ್ಬಿಸುತ್ತಿದ್ದರು. ಇಷ್ಟು ಹೊತ್ತು ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದು, ಚೀಟಿ ಇಸಿದುಕೊಂಡು ಎರಡಕ್ಕೂ ಸಹಿ ಹಾಕಿದರು. "ನಾನು ಸೋಮವಾರವೇ ಇಬ್ಬರ ಬಟ್ಟೆಗೂ ಇಸ್ತ್ರಿ ಹಾಕಿಸಿ ಇಟ್ಟಾಗಿದೆ" ಎಂದರು.

ಕೆಂಪು ಶಾಯಿ

ಬ್ಯಾಂಕಿನ ಗುಮಾಸ್ತರದು ಚಿಕ್ಕ ಕಥೆ. ಅವರು ನನ್ನ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮೂರು ಕಲಮು ಸೇರಿಸಿ, ಟೈಪು ಮಾಡಿಸಿ, ಮೂರು ಪ್ರತಿ ಕಳಿಸಿದರು. "ಮಗಳನ್ನು ಕೊಟ್ಟ ಸ್ಥಿತಿಯಲ್ಲೇ, ಭಾನುವಾರ ಸಂಜೆ ಏಳರೊಳಗೆ ಹಿಂದಿರುಗಿಸತಕ್ಕದ್ದು" ಎಂದಿತ್ತು. ಅವರ ಒಂದು ಸಹಿ ಪಡೆಯಲು ನಾನು ಮೂರು ಕಡೆ ಸಹಿ ಹಾಕಬೇಕಾಯಿತು. ಏನಾದರೂ ಆಗಲಿ, ಲೆಕ್ಕ ಏಳಕ್ಕೆ ಬಂತು.

ಮೊದಲು ನನಗೆ

ಬುಧವಾರ ಮಧ್ಯಾಹ್ನವೇ ಅಜ್ಜಿ ಶಾಲೆಯ ಮೈದಾನಕ್ಕೆ ಬಂದು ಕೂತಳು. ವಿಚಾರ ಮಾಡುವುದೆಂದರೆ ಅವಳ ಪಾಲಿಗೆ ನೋಡುವುದು. ಎರಡು ತಾಸು ಅಭ್ಯಾಸ ನೋಡಿದಳು. "ಖೋ ಅನ್ನೂ ತನಕ ಏಳಂಗಿಲ್ಲ ಅಂದ್ರ ಛೊಲೋ ಆಟ. ಶಿಸ್ತದ" ಎಂದಳು. ನಾನು ಪ್ಯಾಡು ತೆಗೆದೆ. ಅಜ್ಜಿ ಕೈ ಅಡ್ಡ ಹಿಡಿದಳು.

"ಅಕ್ಕೋರೆ, ಡಾಕ್ಟ್ರು ಸೂಜಿ ಹಾಕ್ತಾನ, ಹೊಲಿಗಿ ಹಾಕ್ತಾನ ಅಂತ ಓದಿದ್ರಿ. ಅಂವ ಯಾವ ಡಾಕ್ಟ್ರು? ಅವನ ಕೈ ನಾ ನೋಡಿಲ್ಲ."

ಅಂದು ಸಂಜೆಯೇ ಒಂಬತ್ತೂ ಹುಡುಗಿಯರನ್ನು ತಪಾಸಣೆಗೆ ಕರೆದೊಯ್ಯುವುದಿತ್ತು. ಶಾಲೆಯ ಎದುರಿನ ಮರಾಠಿ ಡಾಕ್ಟರರು ಬಿಟ್ಟಿಯಾಗಿ ಸರ್ಟಿಫಿಕೇಟು ಕೊಡುತ್ತಿದ್ದರು, ಠಾಣೆಗೂ ಒಂದು ದಿನ ಬರುವುದಾಗಿ ಹೇಳಿದ್ದರು. ಅಜ್ಜಿಯೂ ಹೊರಟಳು. ಡಾಕ್ಟರರು ಮೊದಲ ಹುಡುಗಿಗೆ ಧನುರ್ವಾಯುವಿನ ಇಂಜೆಕ್ಷನ್ ತುಂಬಿಕೊಳ್ಳುವಷ್ಟರಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತು, ಕುಪ್ಪಸದ ತೋಳು ಏರಿಸಿದ್ದಳು.

"ಮೊದಲ ನನಗ ಹಾಕು."

ಡಾಕ್ಟರರು ಗಾಬರಿಯಾಗಿ ನನ್ನನ್ನು ನೋಡಿದರು. "ಆಜಿ ಪಣ ಖೇಳಣಾರ ಕಾ?" ಅಂದರೆ, ಅಜ್ಜಿಯೂ ಆಡುತ್ತಾರಾ ಎಂದು. ನಾನು ಎಲ್ಲ ವಿವರಿಸಿದೆ. ಅವರು ನಕ್ಕು, ನಾಡಿ ನೋಡಿ, ಅಜ್ಜಿಗೂ ಹಾಕಿದರು. ಅಜ್ಜಿ ಕಣ್ಣು ಮಿಟುಕಿಸಲಿಲ್ಲ. "ಒಂದು ರಾತ್ರಿ ಹೋಗ್ಲಿ. ಜ್ವರ ಬರ್ತದೇನು ನೋಡ್ತೀನಿ" ಎಂದು ಎದ್ದಳು.

ನನ್ನ ಮಗಳ ಸರದಿ ಬಂದಾಗ ನಾನು ಡಾಕ್ಟರರ ಪಕ್ಕದಲ್ಲೇ ನಿಂತೆ. ಅವಳಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಹವೆ ಬದಲಾದಾಗಲೆಲ್ಲ ಮಗು ಉಸಿರಿಗಾಗಿ ಒದ್ದಾಡುವುದನ್ನು ನೋಡಿದವಳು ನಾನು. ಆರು ವರ್ಷದಿಂದ ಬಂದಿಲ್ಲ, ನಿಜ. ಡಾಕ್ಟರರು ಎದೆಗೆ ಕೊಳವೆ ಇಟ್ಟು, "ಏಕದಮ್ ಫಿಟ್" ಎಂದರು. ನಾನು ಇನ್ನೊಮ್ಮೆ ನೋಡಿ ಎಂದೆ. ನೋಡಿದರು. ಮೂರನೆಯ ಸಲ ಹೇಳಿದಾಗ ಕೊಳವೆಯನ್ನು ನನ್ನ ಕೈಗೇ ಕೊಟ್ಟರು.

ಗುರುವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಅಜ್ಜಿ ಕಾದು ನಿಂತಿದ್ದಳು. ಸೂಜಿ ಹಾಕಿಸಿಕೊಂಡ ತೋಳನ್ನು ಮೇಲೆ ಎತ್ತಿ, ಇಳಿಸಿ, ಗಿರಗಿರ ತಿರುಗಿಸಿ ತೋರಿಸಿದಳು. "ಜ್ವರ ಬಂದಿಲ್ಲ. ಅವನ ಕೈ ಹಗುರದ. ಎಲ್ಲಿ ಒತ್ತಬೇಕು ತೋರ್ಸ್ರಿ." ಒತ್ತಿದಳು. ಒತ್ತಿದ ಮೇಲೆ, "ನನ್ನ ಸ್ವಂತ ಜವಾಬ್ದಾರಿ ಅಂತ ಬರದೀರಿ. ಮನ್ಯಾಗ ಕುಂತು ಜವಾಬ್ದಾರಿ ಹೆಂಗ ಆಗ್ತದ? ನಾನೂ ಠಾಣೆಕ ಬರ್ತೀನಿ" ಎಂದಳು.

ಆ ಮೊಮ್ಮಗಳು ಮುಂದೆ ಓದಿ, ಕಲ್ಯಾಣದ ಒಂದು ಶಾಲೆಯಲ್ಲಿ ಡ್ರಿಲ್ ಟೀಚರ್ ಆದಳು. ಈಗ ಅವಳೂ ಮನೆಮನೆಗೆ ಚೀಟಿ ಹಿಡಿದು ಅಲೆಯುತ್ತಾಳೆ. ನನ್ನಿಂದ ಅವಳಿಗಾದ ಉಪಕಾರ ಇಷ್ಟು.

ಎಂಟಾಯಿತು. ಶಾಯಿ ಪ್ಯಾಡನ್ನು ಅಜ್ಜಿಯ ಕೈಗೇ ಕೊಟ್ಟು, ನಿನ್ನ ಗಂಟಿನಲ್ಲಿ ಇರಲಿ ಎಂದೆ. ನನ್ನ ಚೀಲ ಚೀಟಿ, ಸರ್ಟಿಫಿಕೇಟುಗಳಿಂದ ತುಂಬಿ ಹೋಗಿತ್ತು. ಅಜ್ಜಿ ಪ್ಯಾಡು ಕಟ್ಟಿಕೊಳ್ಳುತ್ತ ಕೇಳಿದಳು, "ನಿಮ್ಮ ಮಗಳದು ಆಯ್ತೇನ್ರಿ?"

"ಅದು ಮನೀದು, ಅಜ್ಜಿ. ಆದಂಗ" ಎಂದೆ.

ಅಜ್ಜಿ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ಒಂಬತ್ತನೆಯದು

ಗುರುವಾರ ಸಂಜೆ ಚೀಟಿಯನ್ನು ನಮ್ಮವರ ಮುಂದಿಟ್ಟೆ. ಅವರು ಓದಿ ವಾಪಸ್ಸು ಕೊಟ್ಟರು. "ಇದನ್ನು ಓದಿದ ಮೇಲೂ ಮಗಳನ್ನು ಕಳಿಸುವ ಧೈರ್ಯ ಯಾರಿಗಿದೆ? ಬರೆದವಳು ನೀನು, ನೀನೇ ಹಾಕು" ಎಂದರು. ಹಾಕುತ್ತೇನೆ ಎಂದೆ. ಹಾಕಲಿಲ್ಲ. ಅಡುಗೆ ಮುಗಿಸಿ ಹಾಕಿದರಾಯಿತು ಎಂದೆ, ಆಮೇಲೆ ಬೆಳಿಗ್ಗೆ ಎಂದೆ. ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಹೆಡ್‌ಮಾಸ್ತರರು, "ಒಂಬತ್ತೂ ಉಂಟಲ್ಲ ಟೀಚರ್?" ಎಂದಾಗ, "ಎಲ್ಲ ಚೀಲದಲ್ಲಿವೆ ಸರ್" ಎಂದೆ. ಅದು ಸುಳ್ಳಲ್ಲ, ಚೀಲದಲ್ಲಿದ್ದವು.

ಹೆಡ್‌ಮಾಸ್ತರರು ಗಂಡಸರ ಡಬ್ಬಿ ಹತ್ತಿದರು, ನಾವು ಹೆಂಗಸರದು. ಎದುರಿಗೆ ಆಫೀಸಿಗೆ ಹೊರಟವಳೊಬ್ಬಳು ಸಂಜೆಯ ಅಡುಗೆಗೆ ಅವರೆಕಾಯಿ ಬಿಡಿಸುತ್ತಿದ್ದಳು. ಹುಡುಗಿಯರು ಹಾಡು ಹೇಳುತ್ತಿದ್ದರು. ನಾನು ಒಳಜೇಬಿನ ಚೀಟಿ ತೆಗೆದು ಓದತೊಡಗಿದೆ. ನೂರಾರು ಮನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಿದ ಪತ್ರ. ರೈಲಿನಿಂದ ಬೀಳುವುದು. ಎಲುಬು ಮುರಿಯುವುದು. ಉಸಿರು ಕಟ್ಟುವುದು. ಈ ಸಾಲನ್ನು ಬರೆಯುವಾಗ ಯಾರ ಮಗು ನನ್ನ ಮನಸ್ಸಿನಲ್ಲಿತ್ತು ಎಂಬುದು ಆಗ ಹೊಳೆಯಿತು. ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಎಂಟು ಮನೆಯವರಿಂದ ಕೇಳಿ ಪಡೆದದ್ದನ್ನು ನಾನು ಮಾತ್ರ ಕೊಡಲಾರದೆ ಕೂತಿದ್ದೆ. ಠಾಣೆ ಬಂತು.

ಮೈದಾನದ ಬಾಗಿಲಲ್ಲೇ ಸಂಘಟಕರ ಮೇಜು. ಚೀಟಿಗಳನ್ನು ಕೊಟ್ಟೆ. ಅವರು ಒಂದೊಂದಾಗಿ ಎಣಿಸಿ, ಕೊನೆಯದನ್ನು ತಿರುಗಿಸಿ ನೋಡಿ, ಮರಾಠಿಯಲ್ಲಿ, "ಆಠಚ ಸಹ್ಯಾ" ಎಂದು ಎಂಟು ಬೆರಳು ತೋರಿಸಿದರು. ಹೆಡ್‌ಮಾಸ್ತರರು ನನ್ನತ್ತ ತಿರುಗಿದರು. ಎಂಟು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಮನೆಯದು ಕೈಕೊಟ್ಟಿತು ಎಂದು ಅವರಿಗೆ ದಿಗಿಲು. ನನ್ನ ಮಗಳಿಗೆ ಮಾತ್ರ ಗೊತ್ತಾಯಿತು. ಜಡೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತ, "ಆಯಿ, ಚಲ್ ನಾ" ಎಂದಳು, ಅಮ್ಮ, ಆಗಲಿ ನಡಿ ಎಂದು, ಅಷ್ಟೇ.

ಪೆನ್ನು ತೆಗೆದೆ. "ಪಾಲಕರ ವಿದ್ಯಾಭ್ಯಾಸ: ಬಿ.ಎ., ಬಿ.ಎ‌ಡ್." ಎಂದು ಹೇಗೋ ಬರೆದೆ. ಸಹಿಯ ಜಾಗಕ್ಕೆ ಬರುವಷ್ಟರಲ್ಲಿ ಕೈ ನಡುಗತೊಡಗಿತು. ನಿಬ್ಬು ಕಾಗದಕ್ಕೆ ಚುಚ್ಚಿತು, ಶಾಯಿಯ ಹನಿ ಬಿತ್ತು. ಒರೆಸಿ ಮತ್ತೆ ಹಿಡಿದೆ. ಮತ್ತೆ ನಡುಗಿತು. ಹಿಂದೆ ಬೇರೆ ಶಾಲೆಗಳವರು ಸಾಲು ನಿಂತು ಗೊಣಗುತ್ತಿದ್ದರು.

ಅಜ್ಜಿ ಗಂಟು ಬಿಚ್ಚುವ ಸಪ್ಪಳ ಕೇಳಿಸಿತು. ರೊಟ್ಟಿಯ ಬುತ್ತಿಯನ್ನು ಸರಿಸಿ, ಶಾಯಿ ಪ್ಯಾಡು ತೆಗೆದು ಮೇಜಿನ ಮೇಲೆ ಇಟ್ಟಳು. ನನ್ನ ಕೈಯಿಂದ ಪೆನ್ನು ಕಿತ್ತು ಹೆಡ್‌ಮಾಸ್ತರರ ಕೈಗೆ ಕೊಟ್ಟಳು. ನನ್ನ ಹೆಬ್ಬೆರಳನ್ನು ಹಿಡಿದು ಪ್ಯಾಡಿಗೆ ಒತ್ತಿದಳು.

"ಕೈ ನಡುಗ್ತದವ್ವ, ಹೆಬ್ಬಟ್ಟ ನಡುಗಂಗಿಲ್ಲ. ಒತ್ತು."

ಒತ್ತಿದೆ. ಸಂಘಟಕರು ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಮೇಲೆ ಬಿ.ಎ., ಬಿ.ಎಡ್., ಕೆಳಗೆ ನೀಲಿ ಹೆಬ್ಬಟ್ಟು. ಹೆಡ್‌ಮಾಸ್ತರರ ಕಡೆ ತಿರುಗಿ, ಇವರು ನಿಮ್ಮ ಶಾಲೆಯ ಶಿಕ್ಷಕಿಯೇ ಎಂದು ಕೇಳಿದರು. "ಹೌದು, ಮಕ್ಕಳಿಗೆ ಬರೆಯಲು ಕಲಿಸುವುದು ಇವರೇ" ಎಂದರು ಹೆಡ್‌ಮಾಸ್ತರರು.

ಮೊದಲ ಪಂದ್ಯ ಅಂಬರನಾಥದ ತಂಡದೊಂದಿಗೆ. ಅಜ್ಜಿಯೂ ನಾನೂ ಗೆರೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆವು. ಕ್ಯಾಪ್ಟನ್ ಒಬ್ಬಳನ್ನು ಹಿಡಿದಳು, ಇನ್ನೊಬ್ಬಳನ್ನು ಹಿಡಿದಳು. ಮೂರನೆಯವಳು ಕೈಗೆ ಸಿಗಲೊಲ್ಲಳು. ಆಗ ನನ್ನ ಮಗಳ ಬೆನ್ನಿಗೆ ಖೋ ಬಿತ್ತು. ಎದ್ದು ಓಡಿದಳು. ಕಂಬದ ಹತ್ತಿರ ಎರಡೂ ಕೈ ಚಾಚಿ ಎಗರಿ ಬಿದ್ದಳು, ಧೂಳೆದ್ದಿತು. ಔಟ್ ಎಂದು ಸೀಟಿ ಊದಿದ್ದು ನನಗೆ ಕೇಳಿಸಲೇ ಇಲ್ಲ. ನನಗೆ ಕಂಡದ್ದು ಕೆತ್ತಿಹೋದ ಮೊಣಕಾಲು, ಏದುಸಿರು ಬಿಡುತ್ತಿದ್ದ ಎದೆ. ನಾನು ಕೂಗುತ್ತ ಎದ್ದು, ಒಂದು ಕಾಲನ್ನು ಗೆರೆಯೊಳಗೆ ಇಟ್ಟೇಬಿಟ್ಟೆ.

ಹಿಂದಿನಿಂದ ಸೀರೆಯ ಸೆರಗು ಜಗ್ಗಿತು. ಸೂಜಿ ಹಾಕಿಸಿಕೊಂಡ ಅದೇ ಕೈಯಿಂದ ಅಜ್ಜಿ ನನ್ನನ್ನು ಎಳೆದು ಚಾಪೆಯ ಮೇಲೆ ಕುಕ್ಕಿದಳು.

"ಕೂಡವ್ವ ಸುಮ್ನ! ಖೋ ಬಿದ್ದದ್ದು ಆಕಿ ಬೆನ್ನಿಗ. ನಿನಗ ಯಾರ್ ಕೊಟ್ಟಾರ?"